ಸಿಲಿಂಡರ್ ವಾಪಸ್ ಕೊಡಬೇಡ

ಫೆಬ್ರವರಿ ೨

ನನ್ನ ಇರುವೆ ತಮ್ಮನಿಗೆ,

ಅಕ್ಕ ಇನ್ನೂ ಗಟ್ಟಿಯಾಗಿದ್ದಾಳೆ ಅಂತ ತಿಳಿಸುವುದಕ್ಕೆ ಈ ಕಾಗದ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಂಡಿದ್ದರೆ ಆ ಮುನಿಸನ್ನು ಪಕ್ಕದಲ್ಲಿಟ್ಟುಕೊಂಡೇ ಓದು, ಕೊನೆಯಲ್ಲಿ ಬೇಕಾದರೆ ಬೈಯುವಂತೆ. ಚಳಿಯಲ್ಲಿ ಬಂದ ಆ ಹಾಳು ಜ್ವರ ಹೋಗುವಾಗ ನನ್ನ ಕೈಕಾಲಿನ ಶಕ್ತಿಯನ್ನೂ ಒಂದಿಷ್ಟು ಗಂಟು ಕಟ್ಟಿಕೊಂಡು ಹೋಯಿತು. ಈಗ ಪರವಾಗಿಲ್ಲ. ಒಲೆಯ ಮುಂದೆ ನಿಲ್ಲುತ್ತೇನೆ, ಮೆಟ್ಟಿಲು ಇಳಿಯುತ್ತೇನೆ, ಸೊಸೆಯ ಜೊತೆ ವಾದ ಮಾಡುತ್ತೇನೆ. ಇನ್ನೇನು ಬೇಕು ಒಬ್ಬ ಹೆಂಗಸಿಗೆ.

ಫೋನು ಮಾಡಬಹುದಿತ್ತಲ್ಲ ಅಂತ ನಿನ್ನ ಮಗಳು ಕೇಳಿದಳಂತೆ. ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧವೂ ನಿನಗೆ ಕೇಳಿಸುವುದಿಲ್ಲ, ಈ ಮನೆಯವರಿಗೆಲ್ಲ ಪೂರ್ತಿ ಕೇಳಿಸುತ್ತದೆ. ಅಷ್ಟು ವರ್ಷ ಹೊಲಿಗೆ ಮಿಷನ್ ತುಳಿದು ನಿನ್ನ ಕಿವಿ ಹೀಗಾಗಿದೆ. ಅದಕ್ಕೇ ಕಾಗದ. ದಿನಸಿ ಕಟ್ಟಿ ತಂದ ಪೊಟ್ಟಣಗಳನ್ನು ಬಿಚ್ಚಿ ಬಿಚ್ಚಿ ಅಕ್ಷರ ಕಲಿತವಳು ನಾನು. ಬರೆಯುವುದೆಂದರೆ ನನಗೆ ಈಗಲೂ ಏನೋ ಕಟ್ಟಿ ಕೊಟ್ಟ ಹಾಗೆ.

ಈಗ ನಿನ್ನ ವಿಷಯಕ್ಕೆ ಬರೋಣ. ಅಕ್ಕಿಯಲ್ಲಿ ಹುಳ, ಸಕ್ಕರೆ ಡಬ್ಬದವರೆಗೆ ಇರುವೆಯ ಸಾಲು, ಸಿಂಕಿನ ಕೆಳಗೆ ಜಿರಳೆ. ನಿನ್ನ ಹೆಂಡತಿ ತೀರಿಹೋದ ಮೇಲೆ ನಿನ್ನ ಅಡುಗೆಮನೆಗೆ ಇಷ್ಟೆಲ್ಲ ನೆಂಟರು ಬಂದಿದ್ದಾರೆ. ನಿನ್ನ ಮಗಳು ಆಸ್ಪತ್ರೆಯಿಂದ ನೇರವಾಗಿ ಬಂದು, ನರ್ಸಮ್ಮನ ಬಟ್ಟೆಯಲ್ಲೇ ನಿಂತು, ಅಕ್ಕಿ ಡಬ್ಬದ ಮುಚ್ಚಳ ತೆಗೆದು ಹಾಗೇ ಮುಚ್ಚಿದಳು ಅಂತ ಬರೆದಿದ್ದೀಯ. "ಸಾಕು ಅಪ್ಪ, ಇನ್ನು ಅಡುಗೆ ಬೇಡ. ಎರಡು ಹೊತ್ತೂ ನನ್ನ ಮನೆಯಿಂದ ಡಬ್ಬ ಬರುತ್ತೆ. ಸಿಲಿಂಡರ್ ವಾಪಸ್ ಕೊಟ್ಟುಬಿಡಿ" ಅಂದಳು. ನೀನು ಅಂಗಲಾಚಿ ಮಾರ್ಚ್ ಒಂದನೇ ತಾರೀಕಿನವರೆಗೆ ಸಮಯ ತೆಗೆದುಕೊಂಡಿದ್ದೀಯ. ಅವತ್ತು ಬಂದು ನೋಡುತ್ತಾಳೆ, ಒಂದು ಹುಳ ಕಂಡರೂ ಒಲೆ ಬಂದ್. ಇಷ್ಟು ಬರೆದು ಕೊನೆಗೆ ನನ್ನನ್ನು ಕೇಳಿದ್ದೀಯ: "ಅಕ್ಕ, ಕೊಟ್ಟುಬಿಡಲಾ?"

ಕೊಡಬೇಡ.

ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೇನೋ? ಹುಳ ಬಂದರೆ ಹುಳ ಓಡಿಸಬೇಕು, ಮನೆಯೊಡೆಯನನ್ನಲ್ಲ. ನಿನ್ನ ಮಗಳು ಕೆಟ್ಟವಳಲ್ಲ, ಬಂಗಾರದಂಥವಳು. ಆದರೆ ಡಬ್ಬ ಬರುವುದು ಅಂದರೆ ಏನು ಅಂತ ಅವಳಿಗಿನ್ನೂ ಗೊತ್ತಿಲ್ಲ. ಡಬ್ಬ ತರಿಸಿಕೊಳ್ಳುವವನು ಡಬ್ಬದ ದಾರಿ ಕಾಯಬೇಕು. ಮಧ್ಯಾಹ್ನ ಹಸಿವಾದರೆ ಗಡಿಯಾರ ನೋಡಬೇಕು. ಉಪ್ಪು ಕಡಿಮೆಯಾದರೆ ಸುಮ್ಮನಿರಬೇಕು, ಹೆಚ್ಚಾದರೂ ಸುಮ್ಮನಿರಬೇಕು. ಆಮೇಲೆ ಒಂದು ದಿನ, ಅಷ್ಟು ದೊಡ್ಡ ಮನೆ ಯಾಕೆ ಅಪ್ಪ ಅಂತಾರೆ. ನಿನ್ನದು ದೊಡ್ಡ ಮನೆಯೂ ಅಲ್ಲ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅದರಲ್ಲೊಂದು ಅಡುಗೆಮನೆ. ಅದೂ ಹೋದರೆ ನೀನು ಹೊಲಿಗೆ ಮಿಷನ್ನಿನ ಜೊತೆ ಬಾಡಿಗೆಗಿರುವವನು, ಅಷ್ಟೇ.

ಕಾರ್ಖಾನೆ ಕ್ಯಾಂಟೀನಿನ ಉಗ್ರಾಣದಲ್ಲಿ ನನ್ನ ಆಯುಸ್ಸು ಕಳೆದಿದೆ. ಹುಳಕ್ಕೂ ನನಗೂ ಹಳೇ ಜಗಳ. ಹೇಳಿದ ಹಾಗೆ ಮಾಡು.

ಮೊದಲು ಅಕ್ಕಿ. ಎಸೆಯಬೇಡ. ಕಿಟಕಿ ಪಕ್ಕ ಹಳೇ ಬೆಡ್‌ಶೀಟ್ ಹಾಸಿ ತೆಳ್ಳಗೆ ಹರಡು. ಬೆಳಕು ಕಂಡರೆ ಹುಳ ತಾನೇ ಎದ್ದು ನಡೆಯುತ್ತದೆ, ಅದಕ್ಕೆ ನಾಚಿಕೆ ಜಾಸ್ತಿ. ಆಮೇಲೆ ಜರಡಿ ಹಿಡಿ. ಡಬ್ಬವನ್ನು ಬಿಸಿನೀರಲ್ಲಿ ತೊಳೆದು ಒರೆಸಿದರೆ ಸಾಲದು, ಬೋರಲು ಹಾಕಿ ಒಂದು ದಿನ ಬಿಡು. ಮೂಲೆಯಲ್ಲಿ ಒಂದು ಹನಿ ನೀರು ಉಳಿದರೂ ಬೂಷ್ಟು ಹಿಡಿಯುತ್ತದೆ. ಮತ್ತೆ ತುಂಬುವಾಗ ನಾಲ್ಕು ಒಣಮೆಣಸಿನಕಾಯಿ, ಒಂದು ಚಿಟಿಕೆ ಲವಂಗ. ಲವಂಗ ಹಾಗೇ ಹಾಕಿದರೆ ಅನ್ನದಲ್ಲಿ ಹಲ್ಲಿಗೆ ಸಿಕ್ಕಿ ನನ್ನನ್ನು ಶಪಿಸುತ್ತೀಯ, ತೆಳು ಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು ಅದರಲ್ಲಿಡು. ಹೊಲಿಯಲು ನಿನಗೆ ಹೇಳಿಕೊಡಬೇಕೇ. ಮುಖ್ಯ ಮಾತು: ಹಳೇ ಅಕ್ಕಿಯ ಮೇಲೆ ಹೊಸ ಅಕ್ಕಿ ಸುರಿಯಬೇಡ. ಎಲ್ಲರೂ ಮಾಡುವ ತಪ್ಪು ಅದೇ. ಹಳೆಯದರ ರೋಗ ಹೊಸದಕ್ಕೆ.

ಹಿಟ್ಟು ತಂದ ದಿನವೇ ಗಟ್ಟಿಯಾಗಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡು. ಕಣ್ಣಿಗೆ ಕಾಣದ ಮೊಟ್ಟೆ ಚಳಿಗೆ ಸಾಯುತ್ತದೆ. ಆಲೂಗಡ್ಡೆ ಈರುಳ್ಳಿಯನ್ನು ಒಂದೇ ಬುಟ್ಟಿಯಲ್ಲಿ ಹಾಕಬೇಡ. ಅತ್ತೆ ಸೊಸೆಯ ಹಾಗೆ, ಬೇರೆ ಬೇರೆ ಇಟ್ಟರೆ ಎರಡೂ ಹೆಚ್ಚು ದಿನ ಚೆನ್ನಾಗಿರುತ್ತವೆ.

ಜಿರಳೆಗೆ ಊಟಕ್ಕಿಂತ ನೀರು ಮುಖ್ಯ. ಮಲಗುವ ಮುಂಚೆ ಸಿಂಕನ್ನು ಬಟ್ಟೆಯಿಂದ ಒಣಗಿಸಿಬಿಡು. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಕೆಳಗಿನ ಸೈಕಲ್ ರಿಪೇರಿಯವನನ್ನು ಕರೆದು ಒಂದು ವಾಷರ್ ಹಾಕಿಸು. ಅಡಿಗೆ ಸೋಡಾಕ್ಕೆ ಸಮ ಸಕ್ಕರೆ ಬೆರೆಸಿ ಬಾಟಲಿ ಮುಚ್ಚಳಗಳಲ್ಲಿ ಹಾಕಿ ಮೂಲೆಗಳಲ್ಲಿಡು. ಸಕ್ಕರೆಗೆ ಬರುತ್ತದೆ, ಸೋಡಾಕ್ಕೆ ಹೋಗುತ್ತದೆ.

ಇನ್ನು ಸಕ್ಕರೆ ಡಬ್ಬ. ಅದು ಅವಳು ತುಂಬಿಟ್ಟ ಕೊನೆಯ ಡಬ್ಬ, ಎಸೆಯಲೂ ಮನಸ್ಸಿಲ್ಲ, ಬಳಸಲೂ ಕೈ ಬರುವುದಿಲ್ಲ ಅಂತ ಬರೆದಿದ್ದೀಯ. ಓದಿ ನಾನು ಸ್ವಲ್ಪ ಹೊತ್ತು ಕಾಗದ ಮಡಿಸಿಟ್ಟೆ. ನೋಡಪ್ಪ, ಅವಳು ಅದನ್ನು ತುಂಬಿದ್ದು ಇರುವೆಗಲ್ಲ. ಬಿಸಿಲಲ್ಲಿ ತಟ್ಟೆಗೆ ಸುರಿ, ಇರುವೆಗಳು ತಮ್ಮ ದಾರಿ ಹಿಡಿಯುತ್ತವೆ. ಆಮೇಲೆ ಆ ಸಕ್ಕರೆ ಹಾಕಿ ದಿನಾ ಚಹಾ ಮಾಡಿ ಕುಡಿ, ಮುಗಿಯುವವರೆಗೆ. ಡಬ್ಬವನ್ನು ನೀರಿನ ತಟ್ಟೆಯ ನಡುವೆ ನಿಲ್ಲಿಸು. ಸಾಲು ಬಂದ ದಾರಿಯನ್ನು ಸೋಪು ನೀರಲ್ಲಿ ಒರೆಸಿ, ಗೋಡೆಯ ಬಿರುಕಿನ ಸುತ್ತ ನಿನ್ನ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ದಪ್ಪಗೆ ಗೆರೆ ಎಳೆ. ಸಕ್ಕರೆ ಡಬ್ಬದ ಪಕ್ಕ ನಾನು ಹಿಡಿದ ಮೊದಲ ಇರುವೆ ನೀನೇ ಅಲ್ಲವೇ, ಚಡ್ಡಿ ಹಾಕಿಕೊಂಡಿದ್ದ ಇರುವೆ. ನಿನಗೇ ಗೊತ್ತಿರುತ್ತದೆ ಅವುಗಳ ದಾರಿ.

ಕೆಳಗಿನ ಬೇಕರಿಯವರು ತಟ್ಟೆ ಇಳಿಸುವ ಸದ್ದು ಕೇಳಿಸುತ್ತಿದೆ. ಮಗ ಎದ್ದು ಬ್ರೆಡ್ಡಿಗೆ ಹೋಗುವ ಹೊತ್ತು. ನಿಲ್ಲಿಸುತ್ತೇನೆ. ನಿನ್ನ ಒಲೆ ಆರದಿರಲಿ, ಕೈ ಸುಡದಿರಲಿ.

ನಿನ್ನ ಅಕ್ಕ

ಮರೆತಿದ್ದೆ: ಮಗಳಿಗೆ ನಾನು ಹೀಗೆಲ್ಲ ಬರೆದೆ ಅಂತ ಹೇಳಬೇಡ. ಹೇಳಿದರೂ ಹೆದರುವುದಿಲ್ಲ.


ಫೆಬ್ರವರಿ ೧೬

ಇರುವೆ,

ಇವತ್ತು ತಡಮಾಡದೆ ಬರೆಯುತ್ತಿದ್ದೇನೆ, ನಿನ್ನ ಪಾರ್ಸೆಲ್ ಬಂದ ಖುಷಿಗೆ. ಮನೆಯಲ್ಲಿ ನಾನೊಬ್ಬಳೇ. ಮಗನೂ ಸೊಸೆಯೂ ಕೆಲಸಕ್ಕೆ ಹೋಗಿದ್ದಾರೆ.

ಅಕ್ಕಿ ಹಸನಾಯಿತು, ಇರುವೆ ದಾರಿ ಬದಲಿಸಿತು, ಜಿರಳೆಗಳು ಮೂರು ದಿನದಿಂದ ಮುಖ ತೋರಿಸಿಲ್ಲ ಅಂತ ಓದಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಸೋಪು ನೀರಲ್ಲಿ ಒರೆಸುವಾಗ ಸಿಂಕಿನ ಹಿಂದೆ ಅವಳ ಕಿವಿಯೋಲೆಯ ತಿರುಪು ಸಿಕ್ಕಿತು ಅಂತ ಬರೆದಿದ್ದೀಯ. ಒಂದು ಕಾಲದಲ್ಲಿ ಅದಕ್ಕಾಗಿ ಮನೆಯೆಲ್ಲ ತಲೆಕೆಳಗು ಮಾಡಿದ್ದಿರಿ. ನಿನ್ನ ಮೇಲೆ ಅನುಮಾನ ಬಂದಿತ್ತು ಅವಳಿಗೆ, ಯಾವುದೋ ಕೋಟಿಗೆ ಗುಂಡಿ ಮಾಡಿ ಹೊಲಿದುಬಿಟ್ಟಿದ್ದಾರೆ ಅಂತ ನನಗೇ ಹೇಳಿದ್ದಳು. ನೋಡಿದೆಯಾ, ಡಬ್ಬ ತರಿಸಿಕೊಂಡು ತಿನ್ನುವವನಿಗೆ ಇದು ಸಿಗುತ್ತಿತ್ತೇ?

ಈಗ ಪಾರ್ಸೆಲ್. ಎಂಥ ಚೀಲ ಹೊಲಿದಿದ್ದೀಯ ಕಣೋ. ಬೇಳೆಗೆ ಒಳಗಡೆ ಅಸ್ತರು ಹಾಕಿದ ಚೀಲ ಹೊಲಿದವನು ಈ ಭೂಮಿಯ ಮೇಲೆ ನೀನೊಬ್ಬನೇ ಇರಬೇಕು. ಬಾಯಿಗೆ ಲಾಡಿ ಬೇರೆ. ಪಾಯಿಜಾಮ ಅಂತ ಯಾರಾದರೂ ಹಾಕಿಕೊಂಡು ಹೋಗಿಯಾರು. ನೀನೇ ಆರಿಸಿ, ನೀನೇ ಒಣಗಿಸಿ, ನೀನೇ ಕಾಪಾಡಿದ ಬೇಳೆ ಅಂತ ಹೆಮ್ಮೆಯಿಂದ ಬರೆದಿದ್ದೀಯ. ಹೆಮ್ಮೆ ಪಡು, ತಪ್ಪಿಲ್ಲ. ನಾನು ಪರೀಕ್ಷೆ ಮಾಡಿದೆ. ಕೈ ಹಾಕಿದರೆ ಬೆರಳ ಸಂದಿಯಿಂದ ನೀರಿನ ಹಾಗೆ ಜಾರಿತು, ಅಂದರೆ ತೇವ ಇಲ್ಲ. ತಟ್ಟೆಗೆ ಸುರಿದರೆ ಸದ್ದು ಗಟ್ಟಿ, ಅಂದರೆ ಒಳಗೆ ಟೊಳ್ಳಿಲ್ಲ. ಅಂಗೈ ಮೇಲೆ ಹಿಟ್ಟು ಉಳಿಯಲಿಲ್ಲ, ಅಂದರೆ ಹುಳ ಮುಟ್ಟಿಲ್ಲ. ಕ್ಯಾಂಟೀನಿನಲ್ಲಾಗಿದ್ದರೆ ಕಣ್ಣು ಮುಚ್ಚಿಕೊಂಡು ಒಳಗೆ ಬಿಡುತ್ತಿದ್ದೆ.

ಹಿಟ್ಟು ಹಳತಾದರೆ ಯಾವ ವಾಸನೆ ಬರುತ್ತೆ, ಎಣ್ಣೆ ಕೆಟ್ಟರೆ ಯಾವ ವಾಸನೆ ಬರುತ್ತೆ ಅಂತ ಕೇಳಿದ್ದೀಯ. ವಾಸನೆಯನ್ನು ಕಾಗದದಲ್ಲಿ ಹೇಗಪ್ಪಾ ಬರೆಯಲಿ. ಅದರ ಗೊಡವೆ ಬೇಡ. ಒಂದು ಚಿಟಿಕೆ ಹಿಟ್ಟು ನಾಲಿಗೆ ಮೇಲಿಡು, ಕಹಿಯಾದರೆ ಬಿಸಾಡು. ಎಣ್ಣೆ ಬೆರಳಿಗೆ ಜಿಗುಟಾದರೆ ಬಿಸಾಡು. ಹಾಲನ್ನು ಲೋಟದಲ್ಲಿ ಸ್ವಲ್ಪ ಕಾಯಿಸು, ಒಡೆದರೆ ಒಡೆಯಿತು. ನಿನ್ನ ಬೆರಳು ದರ್ಜಿಯ ಬೆರಳು, ಕಣ್ಣು ಮುಚ್ಚಿಕೊಂಡೇ ಯಾವ ಬಟ್ಟೆ ಅಂತ ಹೇಳುತ್ತವೆ. ಅವಕ್ಕೆ ಕೆಲಸ ಕೊಡು.

ಇಲ್ಲಿಯ ಸುದ್ದಿ. ಸೊಸೆ ಮೊನ್ನೆ ಫ್ರಿಜ್ಜಿನ ಬಾಗಿಲು ತೆಗೆದವಳೇ ಮುಖ ಸಿಂಡರಿಸಿ, "ಅತ್ತೆ, ಈ ಪಲ್ಯ ಯಾವ ಕಾಲದ್ದು?" ಅಂದಳು. ನಿನ್ನೆಯದೇ ಅಂದೆ. ಮಾತಾಡದೆ ತೆಗೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿದಳು. ನನಗೆ ರೇಗಿತು. ಮಗ ನಡುವೆ ಬಂದು, "ಅಮ್ಮ, ಇತ್ತೀಚೆಗೆ ನಿನಗೆ ಸ್ವಲ್ಪ ಮರೆವು" ಅಂದ. ಮರೆವಂತೆ. ಈ ಮನೆಯಲ್ಲಿ ಯಾರ ಚಮಚ ಯಾವ ಡ್ರಾದಲ್ಲಿದೆ ಅಂತ ನನ್ನನ್ನು ಕೇಳದೆ ಒಂದು ದಿನ ಕಳೆಯಲಿ, ಆಮೇಲೆ ಮಾತಾಡೋಣ ಅಂದೆ. ಅವನು ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಮುಚ್ಚಿದ ಆ ರೀತಿ ನನಗೆ ಹಿಡಿಸಲಿಲ್ಲ. ನಿನ್ನ ಮಗಳು ಮುಚ್ಚಳ ಮುಚ್ಚಿದಳಲ್ಲ, ಅದೇ ಥರ.

ಇರಲಿ. ಇವತ್ತು ಸಂಜೆಗೆ ನಿನ್ನ ಬೇಳೆಯನ್ನೇ ಬೇಯಿಸುತ್ತೇನೆ. ಬೆಳ್ಳುಳ್ಳಿ ಜಜ್ಜಿ ಹಾಕುತ್ತೇನೆ. ತಿಂದ ಮೇಲೆ ಇಬ್ಬರಿಗೂ ಹೇಳುತ್ತೇನೆ, ಇದು ನನ್ನ ತಮ್ಮ ಕಾಪಾಡಿದ ಬೇಳೆ, ವಯಸ್ಸಾದವರ ಅಡುಗೆಮನೆ ಅಂದರೆ ಹೀಗಿರುತ್ತದೆ ಅಂತ.

ಎರಡೂ ಹೊತ್ತು ಬಿಸಿಯಾಗಿ ತಿನ್ನುವ ಯೋಗ ನಿನಗಿರಲಿ.

ಅಕ್ಕ

ಚೀಲ ವಾಪಸ್ ಕಳಿಸುವುದಿಲ್ಲ. ಕೇಳಬೇಡ.


ಫೆಬ್ರವರಿ ೨೪

ತಮ್ಮಾ,

ಈ ಕಾಗದ ಅಂಚೆಗೆ ಹಾಕಿದರೆ ತಡವಾಗುತ್ತದೆ. ನಿಮ್ಮ ಊರಿಗೆ ಬ್ರೆಡ್ ಕೊಂಡೊಯ್ಯುವ ಬೇಕರಿ ಗಾಡಿಯ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಒಳ್ಳೆಯವನು, ಒಂದು ಲೋಟ ಚಹಾ ಕೊಡು. ನಿನ್ನ ಒಲೆಯ ಮೇಲೆ ಮಾಡಿಯೇ ಕೊಡು.

ನಿನ್ನ ನಾಲ್ಕು ಸಾಲಿನ ಕಾಗದ ನಿನ್ನೆ ಬಂತು. ಅಷ್ಟು ಚಿಕ್ಕ ಕಾಗದ ನೀನು ಯಾವತ್ತೂ ಬರೆದವನಲ್ಲ. "ಮಗಳು ಹೇಳಿದ್ದೇ ಸರಿ. ನಿಮ್ಮ ಮನೆಗೆಲ್ಲ ವಿಷ ಹಾಕುತ್ತಿದ್ದೆ. ಶನಿವಾರ ಸಿಲಿಂಡರ್ ಕೊಟ್ಟು ಬರುತ್ತೇನೆ. ಕ್ಷಮಿಸು." ಅಷ್ಟೇ. ನನ್ನ ಮಗ ಫೋನಿನಲ್ಲಿ ಏನೇನು ಅಂದ ಅಂತ ನನಗೆ ಗೊತ್ತು, ಪಕ್ಕದಲ್ಲೇ ಇದ್ದೆ. ಮಾವನಿಗೆ ಕೇಳಿಸಲಿ ಅಂತ ಕೂಗಿದ, ಕೇಳಿಸಬಾರದ್ದೂ ಕೇಳಿಸಿತು. ಆಮೇಲೆ ನಾನು ಅವನಿಗೆ ಅಂದದ್ದು ನಿನಗೆ ಕೇಳಿಸಿರಲಾರದು. ಕೇಳಿಸಿದ್ದರೆ ನಿನ್ನ ಮನಸ್ಸು ತಣ್ಣಗಾಗುತ್ತಿತ್ತು.

ಅವತ್ತು ನಡೆದದ್ದನ್ನು ನಾನೇ ಸರಿಯಾಗಿ ಹೇಳುತ್ತೇನೆ. ಸೊಸೆ ಕೆಲಸದಿಂದ ಬಂದವಳು ಹೊಸ್ತಿಲಲ್ಲೇ ನಿಂತು, ಯಾರಾದರೂ ಉಣ್ಣೆ ಬಟ್ಟೆಯ ಪೆಟ್ಟಿಗೆ ತೆಗೆದಿದ್ದೀರಾ ಅಂತ ಕೇಳಿದಳು. ಇಲ್ಲ ಅಂದೆ. ಊಟಕ್ಕೆ ಕೂತೆವು. ಬೇಳೆ ಬಡಿಸಿದೆ. ಮಗ ಒಂದು ತುತ್ತು ಬಾಯಿಗಿಟ್ಟವನೇ ಎದ್ದು ಸಿಂಕಿಗೆ ಓಡಿದ. ಸೊಸೆ ತಟ್ಟೆ ತಳ್ಳಿದಳು. ನಾನು ತಿನ್ನುತ್ತಲೇ ಇದ್ದೆ. ಇಬ್ಬರೂ ನನ್ನನ್ನೇ ನೋಡಿದರು. ಸೊಸೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು, ಕಿತ್ತುಕೊಂಡಳು ಅನ್ನಲಾರೆ, ಮೆತ್ತಗೇ ತೆಗೆದುಕೊಂಡಳು. "ಅತ್ತೆ, ನಿಮಗೆ ಗೊತ್ತಾಗಲಿಲ್ವಾ?"

ನಿಮ್ಮ ನಾಲಿಗೆ ನಾಜೂಕು, ನನ್ನ ತಮ್ಮ ಕಳಿಸಿದ ಬೇಳೆಗೆ ಹೆಸರಿಡಬೇಡಿ ಅಂತ ಜಗಳಕ್ಕೆ ನಿಂತೆ. ಮಗ ಚೀಲ ತಂದು ಮೂಸಿ, ನುಸಿಗುಳಿಗೆ ಅಂದ. ನಾನು ಎದ್ದು ಪಾತ್ರೆಯ ಬೇಳೆಯನ್ನೆಲ್ಲ ಕಸಕ್ಕೆ ಸುರಿದೆ.

ಈಗ ನಿನಗೆ ಬೈಗುಳ. ಲವಂಗ ಮುಗಿದಿತ್ತು, ಹೊಲಿಗೆಯ ಕೋಣೆಯಲ್ಲಿ ಕೋಟುಗಳ ನಡುವೆ ಇಡುವ ಬಿಳಿ ಗುಳಿಗೆ ಕೈಗೆ ಸಿಕ್ಕಿತು, ಉಣ್ಣೆಗೆ ಹುಳ ಬಾರದಿದ್ದರೆ ಬೇಳೆಗೂ ಬಾರದು ಅಂತ ಪುಟ್ಟ ಚೀಲ ಹೊಲಿದು ನೀನು ಡಬ್ಬದೊಳಗಿಟ್ಟೆ, ಕಳಿಸುವಾಗ ತೆಗೆದುಬಿಟ್ಟೆ, ಅಲ್ಲವೇ? ದರ್ಜಿಯ ತಲೆ, ಆ ವಾಸನೆಗೆ ಒಗ್ಗಿಹೋದ ಮೂಗು. ಬೇಳೆಗೂ ಕೋಟಿಗೂ ವ್ಯತ್ಯಾಸ ಇಲ್ಲ ನಿನಗೆ. ಅದು ವಿಷ ಕಣೋ. ಗುಳಿಗೆ ತೆಗೆದರೂ ಅದರ ವಿಷ ಕಾಳಿನೊಳಗೆ ಕೂತಿರುತ್ತದೆ, ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಆ ಡಬ್ಬದ ಬೇಳೆ ಒಂದು ಕಾಳೂ ಉಳಿಸಬೇಡ. ಹಕ್ಕಿಗೂ ಹಾಕಬೇಡ. ಡಬ್ಬ ಪ್ಲಾಸ್ಟಿಕ್ಕಿನದಾದರೆ ಅದನ್ನೂ ಎಸೆ, ಪ್ಲಾಸ್ಟಿಕ್ಕು ಹಗೆಯ ಹಾಗೆ, ಹಿಡಿದದ್ದನ್ನು ಬಿಡುವುದಿಲ್ಲ. ಪಕ್ಕದಲ್ಲಿ ಮುಚ್ಚಳ ಸಡಿಲವಿದ್ದ ಯಾವ ಡಬ್ಬವಿದ್ದರೂ ತೆಗೆದು ಮೂಸಿ ನೋಡು, ಅನುಮಾನ ಬಂದರೆ ಮರುಕ ಬೇಡ. ಬಟ್ಟೆಯದು ಬಟ್ಟೆಯ ಬೀರುವಿನಲ್ಲಿ, ಹೊಟ್ಟೆಯದು ಅಡುಗೆಮನೆಯಲ್ಲಿ. ಹೊಲಿಗೆಯ ಕೋಣೆಯಿಂದ ಸೂಜಿಯೊಂದನ್ನೂ ಅಡುಗೆಮನೆಗೆ ತರಬೇಡ ಇನ್ನು ಮೇಲೆ. ಸೀಮೆಸುಣ್ಣಕ್ಕೆ ಮಾತ್ರ ನನ್ನ ಅನುಮತಿ ಇದೆ.

ನನ್ನ ಹೊಟ್ಟೆಯ ಚಿಂತೆ ಬಿಡು. ಮಗ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾಲ್ಕು ತುತ್ತು ತಿಂದಿದ್ದೆ ಅಷ್ಟೇ. ನೋಡಿ, ಮನೆಗೆ ಕಳಿಸಿದರು. ಚೆನ್ನಾಗಿದ್ದೇನೆ.

ಬೈದಾಯಿತು. ಆದರೆ ಸಿಲಿಂಡರ್ ಕೊಡುತ್ತೇನೆ ಅನ್ನುವುದು ಯಾವ ನ್ಯಾಯ? ಮೊದಲ ಸಲ ಪ್ಯಾಂಟು ಹೊಲಿದಾಗ ನೀನು ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಮಾಡಿದ್ದೆ. ಅಪ್ಪ ಅದನ್ನೇ ಹಾಕಿಕೊಂಡು ಬೀದಿಯೆಲ್ಲ ಓಡಾಡಿದರು, ನನ್ನ ಮಗ ಹೊಲಿದದ್ದು ಅಂತ. ಅವತ್ತು ಯಾರಾದರೂ ನಿನ್ನ ಮಿಷನ್ ಮಾರಿದರೇ? ನಾನು ಕ್ಯಾಂಟೀನಿಗೆ ಸೇರಿದ ಹೊಸತರಲ್ಲಿ ಹಸಿ ಗೋಡೆಗೆ ತಾಗಿಸಿ ಹಿಟ್ಟಿನ ಮೂಟೆಗಳನ್ನು ಒಟ್ಟಿದ್ದೆ, ಅಷ್ಟೂ ಗಂಟುಗಟ್ಟಿ ಕಲ್ಲಾಯಿತು. ಮೇಸ್ತ್ರಿ ಬೈದ, ಮೂಟೆ ಕೆಳಗೆ ಹಲಗೆ ಹಾಕಿಸಿದ, ಗೋಡೆಯಿಂದ ಒಂದು ಮೊಳ ದೂರ ಇಡು ಅಂದ. ಬೀಗದ ಕೈ ಮಾತ್ರ ನನ್ನ ಸೊಂಟದಲ್ಲೇ ಇತ್ತು. ಚಿಕ್ಕವರು ತಪ್ಪು ಮಾಡಿದರೆ ಕಲಿಯುತ್ತಾರೆ ಅಂತಾರೆ, ನಮ್ಮ ವಯಸ್ಸಿನವರು ತಪ್ಪು ಮಾಡಿದರೆ ಮುಗಿಯಿತು ಅಂತಾರೆ. ತಪ್ಪು ಒಂದೇ ಅಲ್ಲವೇನೋ? ನಾವೂ ಕಲಿಯುತ್ತೇವೆ. ನಮಗೂ ಕಲಿಯಲು ಒಲೆ ಬೇಕು.

ಇಲ್ಲಿಯೂ ಅದೇ ಮಾತು ಶುರುವಾಗಿದೆ. ಸೊಸೆ ನಿನ್ನೆ ನನ್ನ ಪಕ್ಕ ಕೂತು, ಅಡುಗೆಗೆ ಒಬ್ಬರನ್ನು ಗೊತ್ತು ಮಾಡೋಣ ಅತ್ತೆ, ನೀವು ಕುರ್ಚಿ ಹಾಕಿಕೊಂಡು ಹೀಗೆ ಮಾಡು ಹಾಗೆ ಮಾಡು ಅಂತ ಹೇಳುತ್ತಿದ್ದರೆ ಸಾಕು ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು, ಕಣ್ಣಲ್ಲಿ ನೀರೂ ಇತ್ತು. ಕೂತು ಹೇಳುವುದಕ್ಕೆ ನಾನೇನು ರೇಡಿಯೋನೇನಮ್ಮ ಅಂದೆ. ಅವಳಿಗೆ ನಗು ಬಂತು, ಅಳುವೂ ಬಂತು. ಆಮೇಲೆ ಇಬ್ಬರೂ ಸೇರಿ ಆಲೂಗಡ್ಡೆ ಸುಲಿದೆವು. ಅವಳು ಸುಲಿದದ್ದು ಹೆಚ್ಚು ದಪ್ಪ, ಹೇಳಲಿಲ್ಲ.

ಶನಿವಾರ ನೀನು ಎಲ್ಲಿಗೂ ಹೋಗಬೇಡ. ಒಂದನೇ ತಾರೀಕು ಮಗಳು ಬರಲಿ. ಗುಳಿಗೆಯ ಕಥೆ ನೀನೇ ಅವಳಿಗೆ ಹೇಳು, ಬೇರೆಯವರ ಬಾಯಿಂದ ಕೇಳಿದರೆ ಹುಳಕ್ಕಿಂತ ಕೆಟ್ಟದಾಗುತ್ತದೆ. ಖಾಲಿ ಡಬ್ಬ ತೋರಿಸು, ತಪ್ಪಾಯಿತು, ಎಸೆದೆ, ತಿಳಿದುಕೊಂಡೆ ಅನ್ನು. ಆಮೇಲೆ ಅವಳ ಕೈಗೆ ತಟ್ಟೆ ಕೊಟ್ಟು ಕೂರಿಸು. ಅವಳು ಹುಡುಕುವುದಿದ್ದರೆ ಹುಡುಕಲಿ, ಹುಡುಕಿದ ಮೇಲೆ ಊಟ ಮಾಡಲಿ. ಎಷ್ಟು ದಿನವಾಗಿರಬಹುದು ಅವಳಿಗೆ ಯಾರಾದರೂ ಬಡಿಸಿ, ಎರಡು ಹೊತ್ತೂ ಬೇರೆಯವರಿಗೆ ಬಡಿಸುವವಳಿಗೆ? ಅದೊಂದನ್ನು ನೀನು ಡಬ್ಬದಲ್ಲಿ ಕಳಿಸಲಾರೆ.

ನಿನ್ನ ಕೈಯ ಅನ್ನ ಉದುರುದುರಾಗಿರಲಿ. ನಿನ್ನ ಮನೆಯ ಬೆಂಕಿ ನಿನ್ನ ಮಾತು ಕೇಳಲಿ.

ನಿನ್ನ ಅಕ್ಕ

ಹೆಸರು ಹಾಕಿ, ಲಕೋಟೆಗೆ ಅಂಟು ಹಚ್ಚಿಯೂ ಆಗಿತ್ತು. ಮತ್ತೆ ಬಿಚ್ಚಿದ್ದೇನೆ. ಇಷ್ಟು ಹೇಳಿದರೂ ನೀನು ಶನಿವಾರ ಸಿಲಿಂಡರ್ ಹೊರಿಸಿಕೊಂಡು ಹೊರಡುವವನೇ. ನಿನ್ನ ಮೊಂಡುತನ ನನಗೆ ಗೊತ್ತು, ನನ್ನದೇ ಅಲ್ಲವೇ ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ವಾಸನೆ ಬರುವುದಿಲ್ಲ ಕಣೋ.

ಆ ಜ್ವರ ಹೋದ ಮೇಲೆ ಬಂದಿಲ್ಲ. ಮೊದಲು ನೆಗಡಿ ಅಂದುಕೊಂಡೆ. ಒಂದು ದಿನ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಬಾಣಲೆಯ ಮೇಲೆ ಬಗ್ಗಿದೆ, ಬಿಸಿ ಮಾತ್ರ ಬಂತು. ಲವಂಗ ಮೂಸಿದೆ, ಕಡ್ಡಿಯ ಹಾಗಿತ್ತು. ಬೆಳಿಗ್ಗೆ ಕೆಳಗಡೆ ಬ್ರೆಡ್ ಇಳಿಸುವಾಗ ಸೊಸೆ ಆಹಾ ಅಂತಾಳೆ, ನಾನೂ ತಟ್ಟೆಯ ಸದ್ದು ಕೇಳಿಸಿಕೊಂಡು ಹೂಂ ಅಂತೀನಿ. ಯಾರಿಗೂ ಹೇಳಿಲ್ಲ. ಹೇಳಿದರೆ ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ ಅಂತ ಹೇಳಿಲ್ಲ. ನಿನಗೆ ಬರೆದ ಉಪಾಯಗಳೆಲ್ಲ, ಬೆರಳು, ನಾಲಿಗೆ, ಸದ್ದು, ಅವು ಉಗ್ರಾಣದಲ್ಲಿ ಕಲಿತದ್ದಲ್ಲ. ಉಗ್ರಾಣದಲ್ಲಿ ನನಗೆ ಮೂಗೊಂದು ಸಾಕಿತ್ತು. ಅವೆಲ್ಲ ಈ ಎರಡು ತಿಂಗಳಲ್ಲಿ ಹುಡುಕಿಕೊಂಡದ್ದು, ಕತ್ತಲಲ್ಲಿ ಗೋಡೆ ತಡವಿದ ಹಾಗೆ.

ಈಗ ಯೋಚಿಸು. ಆ ಚೀಲದ ಲಾಡಿ ಬಿಚ್ಚಿದ ಕೂಡಲೇ ಯಾವ ಅಡುಗೆಯವಳಿಗಾದರೂ ಗೊತ್ತಾಗುತ್ತಿತ್ತು, ಬೇಳೆ ಬಾಗಿಲಲ್ಲೇ ನಿಲ್ಲುತ್ತಿತ್ತು, ಇಬ್ಬರೂ ನಕ್ಕು ಮರೆಯುತ್ತಿದ್ದೆವು. ನೀನು ಮಾಡಿದ ತಪ್ಪು ಚೀಲದವರೆಗೆ ಮಾತ್ರ. ತಟ್ಟೆಯವರೆಗೆ ತಂದವಳು ನಾನು. ಯಾರಾದರೂ ಸಿಲಿಂಡರ್ ಕೊಡಬೇಕಾದರೆ ಅದು ನಾನು. ನಾನು ಕೊಡುತ್ತಿಲ್ಲ, ಹಾಗಿರುವಾಗ ನೀನು ಯಾವ ಮುಖ ಇಟ್ಟುಕೊಂಡು ಕೊಡುತ್ತೀಯ?

ಗ್ಯಾಸಿನ ವಿಷಯದಲ್ಲಿ ಹುಡುಗಾಟ ಸಲ್ಲದು ಅಂತ ನನಗೂ ಗೊತ್ತು. ಪ್ರತಿ ಸಲ ರೆಗ್ಯುಲೇಟರ್ ಬಂದ್ ಮಾಡುತ್ತೇನೆ, ಪೈಪಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುತ್ತೇನೆ. ಆದರೂ ಒಬ್ಬಳೇ ಹೊರುವ ಗುಟ್ಟಲ್ಲ ಇದು. ಇವತ್ತು ಸಂಜೆ ಇಬ್ಬರನ್ನೂ ಕೂರಿಸಿ ಹೇಳುತ್ತೇನೆ. ಸೊಸೆ ಮನೆಯಲ್ಲಿದ್ದಾಗಲೇ ಒಲೆ ಹಚ್ಚುತ್ತೇನೆ, ಬೇಕಾದರೆ ಅವಳು ಪಕ್ಕದಲ್ಲಿ ನಿಂತು ಮೂಸಲಿ. ಕುರ್ಚಿ ಹಾಕಿಕೊಂಡು ಅವಳೇ ಕೂರಲಿ. ಸೌಟು ಮಾತ್ರ ನನ್ನ ಕೈಯಲ್ಲಿ.

ನಿನಗೆ ಕಿವಿ ಇಲ್ಲ, ನನಗೆ ಮೂಗಿಲ್ಲ. ಇಬ್ಬರನ್ನೂ ಸೇರಿಸಿ ಹೊಲಿದರೆ ಒಬ್ಬರು ಅಡುಗೆಯವರಾಗಬಹುದು. ಒಂದನೇ ತಾರೀಕು ಹೊಸ ಬೇಳೆ ತಂದು ಬೇಯಿಸು. ಬೆಂದಾಗ ಮುಚ್ಚಳ ತೆಗೆದು ಮುಖವಿಟ್ಟು ಮೂಸು, ಹೇಗಿತ್ತು ಅಂತ ಆಮೇಲೆ ನನಗೆ ಬರೆ. ವಾಸನೆಯನ್ನು ಕಾಗದದಲ್ಲಿ ಹೇಗೆ ಬರೆಯುವುದು ಅಂತ ನನ್ನನ್ನು ಕೇಳಬೇಡ. ಸುಮ್ಮನೆ ಚೆನ್ನಾಗಿತ್ತು ಅಂತ ಬರೆದು ತಪ್ಪಿಸಿಕೊಳ್ಳಲೂ ಬೇಡ.